ಮೈಯೆಲ್ಲ ದುಡಿದರೆ ಬಲ

ಧಾರವಾಡದ ಸಪ್ತಾಪುರ, ಜಯನಗರದ ಸುತ್ತಮುತ್ತ ಕೋಚಿಂಗ್ ಸೆಂಟರುಗಳನ್ನು ನಂಬಿಕೊಂಡು ಬಂದಿರುವ ಯುವಕ ಯುವತಿಯರಲ್ಲಿ ಪೊಲೀಸ್ ನೇಮಕಾತಿಯ ಮೇಲೆ ಕಣ್ಣಿಟ್ಟವರು ಬಹಳ. ಅವರಿಗೆ ಲಿಖಿತ ಪರೀಕ್ಷೆಯ ಜೊತೆಗೆ ಮೈದಾನದ ಪರೀಕ್ಷೆಯೂ ಇದೆ. ಪುರುಷರು 1600 ಮೀಟರ್ ಓಡಬೇಕು, ಉದ್ದ ಇಲ್ಲವೇ ಎತ್ತರ ಜಿಗಿಯಬೇಕು, 7.26 ಕಿಲೋ ತೂಕದ ಗುಂಡು ಎಸೆಯಬೇಕು. ಮಹಿಳೆಯರಿಗೆ 400 ಮೀಟರ್ ಓಟ, ಜಿಗಿತ, 4 ಕಿಲೋ ಗುಂಡು. ಗುಂಡು ಎಸೆಯುವವರನ್ನು ಹತ್ತಿರದಿಂದ ಗಮನಿಸಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಬಲ ಹುಟ್ಟುವುದು ಹಿಂದಿನ ಕಾಲಿನ ಪಾದ ನೆಲವನ್ನು ಒತ್ತಿದಾಗ. ಅದು ಮೊಣಕಾಲು, ತೊಡೆ, ಸೊಂಟಗಳನ್ನು ದಾಟಿ, ನಡುವಿನ ತಿರುವಿನಲ್ಲಿ ಬೆಳೆದು, ಎದೆ ಮತ್ತು ಭುಜಕ್ಕೆ ಏರಿ, ಮೊಣಕೈ ಚಾಚಿಕೊಂಡಾಗ ಬೆರಳ ತುದಿಯಿಂದ ಹೊರಬೀಳುತ್ತದೆ. ತೋಳಿಗೆ ಈ ಕೆಲಸದಲ್ಲಿ ಕೊನೆಯ ಸರದಿ. ಆದರೆ ಇದೇ ಅಭ್ಯರ್ಥಿಗಳು ಸಂಜೆ ಜಿಮ್ ಸೇರಿದರೆ ಅಲ್ಲಿ ಸಾಮಾನ್ಯವಾಗಿ ಸಿಗುವ ವೇಳಾಪಟ್ಟಿ ದೇಹವನ್ನು ವಾರದ ದಿನಗಳಿಗೆ ಹಂಚಿಕೊಟ್ಟಿರುತ್ತದೆ: ಒಂದು ದಿನ ಎದೆ, ಒಂದು ದಿನ ಬೆನ್ನು, ಒಂದು ದಿನ ಭುಜ, ಒಂದಿಡೀ ದಿನ ರಟ್ಟೆ, ಉಳಿದರೆ ಕಾಲು. ಸಾಮಾನ್ಯ ಮನುಷ್ಯನ ಬಲಸಾಧನೆ ಇಲ್ಲಿಂದ ಶುರುವಾಗಬಾರದು, ಹಲವು ಕೀಲುಗಳನ್ನು ಒಟ್ಟಿಗೆ ದುಡಿಸುವ ನಾಲ್ಕೈದು ಮೂಲ ಚಲನೆಗಳಿಂದ ಶುರುವಾಗಬೇಕು ಎಂಬುದು ಈ ಲೇಖನದ ವಾದ. ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಈ ವಾದಕ್ಕೆ ಇನ್ನೊಂದು ಮಗ್ಗುಲೂ ಇದೆ. ಆ ಚಲನೆಗಳನ್ನು ಹೊರಗಿನಿಂದ ತರಬೇಕಾಗಿಲ್ಲ. ಈ ನಾಡಿನ ಗರಡಿಮನೆಗಳು ಅವುಗಳನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿವೆ.

ಜಿಮ್‌ನವರ ಮಾತಿನಲ್ಲಿ ಕಂಪೌಂಡ್, ಅಂದರೆ ಬಹುಸಂಧಿ ವ್ಯಾಯಾಮವೆಂದರೆ ಎರಡು ಅಥವಾ ಹೆಚ್ಚು ಕೀಲುಗಳು ಒಟ್ಟಿಗೆ ಮಡಚಿ ಬಿಚ್ಚುವ ವ್ಯಾಯಾಮ. ಐಸೊಲೇಷನ್ ಎಂದರೆ ಒಂದೇ ಕೀಲಿನದು. ಡಂಬೆಲ್ಸ್ ಹಿಡಿದು ಮೊಣಕೈ ಮಡಚಿದರೆ ದುಡಿಯುವುದು ಮುಖ್ಯವಾಗಿ ರಟ್ಟೆಯ ಬೈಸೆಪ್ಸ್ ಮತ್ತು ಅದರ ನೆರೆಯ ಒಂದೆರಡು ಸ್ನಾಯು. ಬಸ್ಕಿ ಹೊಡೆದರೆ ಲೆಕ್ಕವೇ ಬೇರೆ. ಕೂರುವಾಗ ಪಾದದ ಕೀಲು, ಮೊಣಕಾಲು, ಸೊಂಟದ ಕೀಲು ಮೂರೂ ಮಡಚುತ್ತವೆ. ಏಳುವಾಗ ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಮೊಣಕಾಲನ್ನು ನೆಟ್ಟಗಾಗಿಸುತ್ತದೆ, ಪಿರ್ರೆಯ ದೊಡ್ಡ ಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಸೊಂಟವನ್ನು ಮೇಲೆತ್ತುತ್ತದೆ, ತೊಡೆಯ ಒಳಬದಿಯ ಸ್ನಾಯುಗಳು ಅದಕ್ಕೆ ಕೈಜೋಡಿಸುತ್ತವೆ, ಮೀನಖಂಡ ಪಾದವನ್ನು ನೆಲಕ್ಕೆ ಕಚ್ಚಿಸುತ್ತದೆ, ಬೆನ್ನೆಲುಬಿನ ಇಕ್ಕೆಲದ ಉದ್ದ ಸ್ನಾಯುಗಳು ಮತ್ತು ಹೊಟ್ಟೆಯ ಸ್ನಾಯುಗಳು ಮುಂಡ ಕುಸಿಯದಂತೆ ಬಿಗಿಹಿಡಿಯುತ್ತವೆ. ಆದರೆ ಬಸ್ಕಿಯೊಂದೇ ಎಲ್ಲವನ್ನೂ ಬೆಳೆಸುತ್ತದೆ ಎನ್ನುವುದು ತಪ್ಪು. 2019ರಲ್ಲಿ ಪ್ರಕಟವಾದ ಜಪಾನಿನ ಒಂದು ಅಧ್ಯಯನದಲ್ಲಿ 10 ವಾರ ಭಾರ ಹೊತ್ತು ಸ್ಕ್ವಾಟ್, ಅಂದರೆ ಬಸ್ಕಿ, ಮಾಡಿಸಿ ಸ್ನಾಯುಗಳ ಗಾತ್ರ ಅಳೆದರು. ಪೂರ್ತಿ ಕೆಳಗೆ ಕೂತವರಲ್ಲಿ ಪಿರ್ರೆ ಮತ್ತು ತೊಡೆಯ ಒಳಬದಿಯ ಸ್ನಾಯುಗಳು ಅರ್ಧ ಕೂತವರಿಗಿಂತ ಹೆಚ್ಚು ಬೆಳೆದವು. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಮಾತ್ರ ಇಬ್ಬರಲ್ಲೂ ಬೆಳೆಯಲಿಲ್ಲ. ಕಾರಣ ಸರಳ. ಹ್ಯಾಮ್‌ಸ್ಟ್ರಿಂಗ್ ಸೊಂಟ ಮತ್ತು ಮೊಣಕಾಲು ಎರಡನ್ನೂ ದಾಟಿ ಹೋಗುವ ಸ್ನಾಯು. ಬಸ್ಕಿಯಲ್ಲಿ ಅದು ಒಂದು ತುದಿಯಲ್ಲಿ ಎಳೆದುಕೊಂಡರೆ ಇನ್ನೊಂದು ತುದಿಯಲ್ಲಿ ಸಡಿಲಾಗುತ್ತದೆ, ಹಾಗಾಗಿ ಅದರ ಉದ್ದ ಹೆಚ್ಚೇನೂ ಬದಲಾಗುವುದಿಲ್ಲ. ಆದ್ದರಿಂದ ಕೂತು ಏಳುವ ಚಲನೆಯ ಜೊತೆಗೆ ಬಗ್ಗಿ ಎತ್ತುವ ಚಲನೆಯೊಂದು ಬೇಕೇ ಬೇಕು. ಮುಂದಕ್ಕೆ ತಳ್ಳುವುದಿದ್ದರೆ ತನ್ನತ್ತ ಎಳೆಯುವುದೂ ಇರಬೇಕು. ಯಾವ ಚಲನೆ ಯಾವುದನ್ನು ದುಡಿಸುತ್ತದೆ, ಯಾವುದನ್ನು ಬಿಡುತ್ತದೆ ಎಂದು ತಿಳಿದು ನಾಲ್ಕೈದನ್ನು ಜೋಡಿಸುವುದರಲ್ಲೇ ಇಡೀ ಜಾಣ್ಮೆ ಅಡಗಿದೆ.

ಈ ಜೋಡಣೆಯ ಕಣ್ಣಿನಿಂದ ಗರಡಿಮನೆಯ ಸಾಮನ್ನು ನೋಡಬೇಕು. ಬಸ್ಕಿ ಕಾಲು, ಸೊಂಟಗಳಿಗೆ. ದಂಡ ಎದೆ, ಭುಜದ ಮುಂಭಾಗ, ತೋಳಿನ ಹಿಂಬದಿಯ ಟ್ರೈಸೆಪ್ಸ್‌ಗೆ. ಮೈಯನ್ನು ಹಿಂದಿನಿಂದ ಮುಂದಕ್ಕೆ ಜಾರಿಸಿ ಮೇಲೆತ್ತುವ ಆ ಬಾಗಿನಲ್ಲಿ ಹೆಗಲ ಹಲಗೆಯನ್ನು ಹಿಡಿದಿಡುವ ಸ್ನಾಯುಗಳೂ ನಡುವೂ ಸೇರಿಕೊಳ್ಳುತ್ತವೆ. ಗದೆ ತಿರುಗಿಸಿದರೆ ಭುಜದ ಕೀಲು ತಾನು ತಿರುಗಬಲ್ಲ ವ್ಯಾಪ್ತಿಯನ್ನೆಲ್ಲ ಬಳಸುತ್ತದೆ, ಮುಂಗೈ ಹಿಡಿತ ಗಟ್ಟಿಯಾಗುತ್ತದೆ. ಮಲ್ಲಕಂಬ ಏರುವುದು ಮತ್ತು ಹಗ್ಗ ಹತ್ತುವುದು ಎಳೆಯುವ ಬಲಕ್ಕೆ, ಅಂದರೆ ಬೆನ್ನಿನ ಅಗಲ ಸ್ನಾಯುಗಳಿಗೂ ರಟ್ಟೆಗೂ. ಅಖಾಡದ ಮಣ್ಣನ್ನು ಗುದ್ದಲಿ ಹಿಡಿದು ಅಗೆದು ಹದ ಮಾಡುವುದು ಪೈಲ್ವಾನರ ನಿತ್ಯದ ಕೆಲಸ; ಬಸ್ಕಿ ಬೆಳೆಸದೆ ಬಿಡುವ ತೊಡೆಯ ಹಿಂಬದಿಗೂ, ಕೆಳಬೆನ್ನಿಗೂ ಅದು ದುಡಿಮೆ ಒದಗಿಸುತ್ತದೆ. ಈ ಪರಂಪರೆಯ ಬೇರು ಆಳವಾದದ್ದು. 12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ ಮಲ್ಲವಿನೋದಕ್ಕೆಂದೇ ಒಂದು ಅಧ್ಯಾಯ ಮೀಸಲಿಟ್ಟು, ವಯಸ್ಸು, ಮೈಕಟ್ಟು, ಬಲಗಳ ಮೇಲೆ ಮಲ್ಲರನ್ನು ವಿಂಗಡಿಸಿ, ಅವರ ವ್ಯಾಯಾಮ ಹೇಗಿರಬೇಕು, ಊಟ ಏನಿರಬೇಕು ಎಂದು ವಿವರಿಸಿದೆ. ಮುಂದೆ ಕೊಲ್ಲಾಪುರದ ಶಾಹೂ ಮಹಾರಾಜರು ಕುಸ್ತಿಗೆ ಆಸರೆಯಾಗಿ ನಿಂತರು; 1912ರಲ್ಲಿ ಅಲ್ಲಿ ಸಿದ್ಧವಾದ ಖಾಸಬಾಗ್ ಮೈದಾನ ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿ, ಧಾರವಾಡ ಸೀಮೆಯ ಪೈಲ್ವಾನರಿಗೂ ದೊಡ್ಡ ಕಣವಾಯಿತು. ಧಾರವಾಡ ಈ ನಂಟನ್ನು ಈಗಲೂ ಬಿಟ್ಟಿಲ್ಲ. 2020ರ ಫೆಬ್ರುವರಿಯಲ್ಲಿ ರಾಜ್ಯಮಟ್ಟದ ಕುಸ್ತಿ ಹಬ್ಬ ನಡೆದದ್ದು ಈ ಊರಿನಲ್ಲೇ.

ಗರಡಿಯ ಹೊರಗೂ, ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ, ಗುಂಡುಕಲ್ಲು ಎತ್ತುವ ಸ್ಪರ್ಧೆ ಇಂದಿಗೂ ಜನ ಸೇರಿಸುತ್ತದೆ. ಬಹುಸಂಧಿ ವ್ಯಾಯಾಮ ಏನೆಂದು ವಿವರಿಸಲು ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು. ಎತ್ತುವವ ಕಲ್ಲನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ಸೊಂಟದಿಂದ ಬಗ್ಗುತ್ತಾನೆ. ನುಣುಪಾದ ಕಲ್ಲಿಗೆ ಹಿಡಿಕೆ ಇಲ್ಲ. ಎರಡೂ ಅಂಗೈಗಳನ್ನು ಒಳಕ್ಕೆ ಒತ್ತಿ ಹಿಡಿಯಬೇಕು, ಹಾಗಾಗಿ ಮೊದಲು ಎಚ್ಚರಗೊಳ್ಳುವುದು ಮುಂಗೈ, ರಟ್ಟೆ ಮತ್ತು ಎದೆ. ಉಸಿರು ತುಂಬಿಕೊಂಡು ಹೊಟ್ಟೆಯನ್ನು ಬಿಗಿ ಮಾಡಿದಾಗ ನಡು ಒಂದು ಕಂಬವಾಗುತ್ತದೆ. ಕಲ್ಲು ನೆಲ ಬಿಡುವ ಕ್ಷಣದಲ್ಲಿ ದುಡಿಯುವುದು ತೊಡೆಯ ಹಿಂಬದಿ, ಪಿರ್ರೆ ಮತ್ತು ಬೆನ್ನಿನ ಉದ್ದ ಸ್ನಾಯುಗಳು. ಅದನ್ನು ತೊಡೆಯ ಮೇಲೆ ಕೂರಿಸಿಕೊಂಡು, ತಬ್ಬಿ ಹಿಡಿದು, ಕುಕ್ಕರಗಾಲಿನಿಂದ ಮೇಲೇಳುವಾಗ ಕ್ವಾಡ್ರಿಸೆಪ್ಸ್ ಮುಂದೆ ಬರುತ್ತದೆ. ಕೊನೆಗೆ ಸೊಂಟವನ್ನು ಒಮ್ಮೆಲೆ ಮುಂದಕ್ಕೆ ಚಿಮ್ಮಿಸಿದಾಗ ಕಲ್ಲು ಎದೆ ದಾಟಿ ಹೆಗಲಿಗೇರುತ್ತದೆ. ಇಲ್ಲಿ ಯಾವ ಸ್ನಾಯುವೂ ಒಂಟಿಯಾಗಿ ಬಲ ತೋರುವಂತಿಲ್ಲ. ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಮೇವು ಹಾಕಿ ಬೆಳೆಸಿದರೆ ಬಂಡಿ ಬಡಕಲು ಎತ್ತಿನ ನಡಿಗೆಯಲ್ಲೇ ಸಾಗುವಂತೆ, ಸರಪಳಿಯ ದುರ್ಬಲ ಜಾಗವೇ ಎತ್ತುವ ಭಾರವನ್ನು ತೀರ್ಮಾನಿಸುತ್ತದೆ. ಕುಸ್ತಿಯಲ್ಲೂ ಇದೇ ಮಾತು. ಬಾಗಲಕೋಟೆ ಜಿಲ್ಲೆಯ ಹಲಕುರ್ಕಿಯಿಂದ ಬಂದು 2020ರ ಏಷ್ಯಾ ಚಾಂಪಿಯನ್‌ಷಿಪ್‌ನಲ್ಲಿ 55 ಕಿಲೋ ವಿಭಾಗದ ಕಂಚು ಗೆದ್ದ ಅರ್ಜುನ್ ಹಲಕುರ್ಕಿ ಆಡುವುದು ಗ್ರೀಕೋ-ರೋಮನ್ ಕುಸ್ತಿ. ಅದರಲ್ಲಿ ಎದುರಾಳಿಯ ಸೊಂಟದ ಕೆಳಗೆ ಕೈ ಹಾಕುವಂತಿಲ್ಲ. ಹಿಡಿತವೆಲ್ಲ ತೋಳು ಮತ್ತು ಎದೆಯದ್ದು, ಆದರೂ ಎದುರಾಳಿಯನ್ನು ನೆಲದಿಂದ ಎಬ್ಬಿಸುವ ಬಲ ಬರುವುದು ಕಾಲು, ಸೊಂಟಗಳಿಂದಲೇ.

ಹಾಗಿದ್ದರೆ ದೇಹವನ್ನು ಬಿಡಿ ಸ್ನಾಯುಗಳಾಗಿ ಹಂಚುವ ಪದ್ಧತಿ ಎಲ್ಲಿಂದ ಬಂತು? ದೇಹದಾರ್ಢ್ಯ ಸ್ಪರ್ಧೆಯಿಂದ. ಅಲ್ಲಿ ತೀರ್ಪುಗಾರರು ನೋಡುವುದು ಪ್ರತಿ ಸ್ನಾಯುವಿನ ಗಾತ್ರ, ಗೆರೆ, ಎಡ-ಬಲದ ಸಮತೋಲ. ವರ್ಷಗಟ್ಟಲೆ ಸಾಧನೆ ಮಾಡಿ ಮೂಲಬಲ ಗಳಿಸಿದವರು ಕೊನೆಯ ತಿದ್ದುಪಡಿಗೆ ಬಳಸುವ ವಿಧಾನ ಅದು. ಅದನ್ನೇ ಮೊದಲ ದಿನದವರಿಗೆ ಕೊಟ್ಟದ್ದರಿಂದ ಕ್ರಮ ತಲೆಕೆಳಗಾಗಿದೆ. ‘ಶಾಂತಲಾ’ ಕಾದಂಬರಿಯಿಂದ ಕನ್ನಡಿಗರಿಗೆ ಪರಿಚಿತರಾದ ಕೆ. ವಿ. ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಮೈಕಟ್ಟಿಗೆ ಹೆಸರಾದವರು. ಅವರಂಥವರೂ ಬಾರ್ಬೆಲ್ಲಿನ ಪಕ್ಕದಲ್ಲೇ ಸೂರ್ಯನಮಸ್ಕಾರದಂಥ ಇಡೀ ಮೈಯ ವ್ಯಾಯಾಮಕ್ಕೆ ಜಾಗ ಕೊಟ್ಟಿದ್ದರು. ಹೊಸಬರ ವಿಷಯದಲ್ಲಿ ಪ್ರಯೋಗದ ಸಾಕ್ಷಿಯೂ ಇದೆ. 2013ರಲ್ಲಿ ಪ್ರಕಟವಾದ ಬ್ರೆಜಿಲ್‌ನ ಅಧ್ಯಯನವೊಂದು, ಹಿಂದೆ ವ್ಯಾಯಾಮ ಮಾಡಿರದ 29 ಯುವಕರನ್ನು ಎರಡು ಗುಂಪು ಮಾಡಿತು. ಒಂದು ಗುಂಪು ತಳ್ಳುವ ಮತ್ತು ಎಳೆಯುವ ಬಹುಸಂಧಿ ವ್ಯಾಯಾಮಗಳನ್ನು ಮಾತ್ರ ಮಾಡಿತು. ಇನ್ನೊಂದು ಅವುಗಳ ಜೊತೆಗೆ ಬೈಸೆಪ್ಸ್, ಟ್ರೈಸೆಪ್ಸ್‌ಗೆ ಪ್ರತ್ಯೇಕ ವ್ಯಾಯಾಮಗಳನ್ನೂ ಸೇರಿಸಿಕೊಂಡಿತು. 10 ವಾರಗಳ ನಂತರ ಮೊಣಕೈ ಮಡಚುವ ಸ್ನಾಯುಗಳ ದಪ್ಪ ಮತ್ತು ಬಲ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಸಮ ಹೆಚ್ಚಿದ್ದವು. ರಟ್ಟೆಗೆಂದು ಪ್ರತ್ಯೇಕವಾಗಿ ಕೊಟ್ಟ ಸಮಯ ಹೊಸಬರಿಗೆ ಹೆಚ್ಚುವರಿ ಲಾಭವನ್ನೇನೂ ತರಲಿಲ್ಲ. ದಿನವಿಡೀ ಪುಸ್ತಕ ಹಿಡಿದು ಕೂತ ಅಭ್ಯರ್ಥಿಗೆ, ಅಂಗಡಿ ಬಾಗಿಲು ಹಾಕಿ ಬರುವ ವ್ಯಾಪಾರಿಗೆ, ಮನೆ ಮತ್ತು ಕೆಲಸ ಎರಡನ್ನೂ ತೂಗಿಸುವ ಮಹಿಳೆಗೆ ಸಿಗುವುದೇ ವಾರದಲ್ಲಿ ಮೂರು ದಿನ, ಮುಕ್ಕಾಲು ಗಂಟೆ. ಅಷ್ಟರಲ್ಲಿ ಇಡೀ ಮೈಗೆ ಕೆಲಸ ಕೊಡಬೇಕಾದರೆ ಬಹುಸಂಧಿ ಚಲನೆಗಳಷ್ಟು ಒದಗುವ ದಾರಿ ಬೇರೆ ಇಲ್ಲ.

ಇದಕ್ಕೆ ಎದುರಾಗಿ ಬಲವಾದ ಆಕ್ಷೇಪವೊಂದಿದೆ: ಒಂದೇ ಕೀಲಿನ ವ್ಯಾಯಾಮವೂ ಫಲ ಕೊಟ್ಟಿರುವುದು ಸಾಬೀತಾಗಿದೆಯಲ್ಲ? ಹೌದು, ಕೊಟ್ಟಿದೆ. 1990ರಲ್ಲಿ ಪ್ರಕಟವಾದ, ಈಗಲೂ ಎಲ್ಲರೂ ಉಲ್ಲೇಖಿಸುವ ಅಧ್ಯಯನದಲ್ಲಿ ಬಾಸ್ಟನ್‌ನ ಆರೈಕೆ ಕೇಂದ್ರವೊಂದರ 90ರ ಆಸುಪಾಸಿನ 10 ಮಂದಿ ವೃದ್ಧರಿಗೆ 8 ವಾರ ಭಾರದ ತಾಲೀಮು ಕೊಟ್ಟರು. ತಾಲೀಮು ಪೂರ್ತಿ ಮಾಡಿದವರ ಕಾಲಿನ ಬಲ ಸರಾಸರಿ ಶೇ 174ರಷ್ಟು ಏರಿತು. ಅವರು ಮಾಡಿದ್ದು ಕುಳಿತಲ್ಲಿಂದಲೇ ಮೊಣಕಾಲು ಚಾಚುವ ವ್ಯಾಯಾಮ, ಅಂದರೆ ಶುದ್ಧ ಐಸೊಲೇಷನ್. ಎದ್ದು ನಿಲ್ಲುವುದೇ ಕಷ್ಟವಾದವರಿಗೆ ಅದೇ ಸರಿಯಾದ ಸಾಧನವಾಗಿತ್ತು. ಶಸ್ತ್ರಚಿಕಿತ್ಸೆಯ ನಂತರ ಕ್ಷೀಣಿಸಿದ ಒಂದು ಸ್ನಾಯುವನ್ನು ಎಬ್ಬಿಸಲು ಫಿಸಿಯೊಥೆರಪಿಸ್ಟರು ಹೀಗೆಯೇ ಮಾಡುತ್ತಾರೆ; ಬಸ್ಕಿ ಬೆಳೆಸದ ಹ್ಯಾಮ್‌ಸ್ಟ್ರಿಂಗ್‌ಗೆ ಆಟಗಾರರು ಪ್ರತ್ಯೇಕ ವ್ಯಾಯಾಮ ಸೇರಿಸಿಕೊಳ್ಳುವುದೂ ಸರಿಯೇ. ಆದರೆ ವೃದ್ಧರ ಆ ಅಧ್ಯಯನ ಎತ್ತಿಹಿಡಿದ ತತ್ವ ಭಾರ ಕ್ರಮವಾಗಿ ಏರಬೇಕು ಎಂಬುದು. ಕೀಲು ಒಂದೇ ಇರಬೇಕು ಎಂದು ಅದು ಎಲ್ಲೂ ಹೇಳಲಿಲ್ಲ. ಆರೋಗ್ಯವಾಗಿರುವವರು ಬಲವನ್ನು ಬಳಸುವುದು ಮೆಟ್ಟಿಲೇರಲು, ಮಗುವನ್ನು ಎತ್ತಿಕೊಳ್ಳಲು, ಸಿಲಿಂಡರ್ ಸರಿಸಲು, ನೆಲದ ಮೇಲೆ ಊಟಕ್ಕೆ ಕೂತು ಏಳಲು. ಅಲ್ಲಿ ಸ್ನಾಯುಗಳ ಬಲದಷ್ಟೇ ಅವುಗಳ ಹೊಂದಾಣಿಕೆಯೂ ಬೇಕು. ಯಾವುದು ಮೊದಲು ಬಿಗಿಯಬೇಕು, ಯಾವುದು ಎಷ್ಟು ಸಡಿಲಬೇಕು ಎಂಬುದನ್ನು ನರಮಂಡಲ ಕಲಿಯುವುದು ಆ ಚಲನೆಯನ್ನು ಮಾಡುವುದರಿಂದಲೇ. ಹಾಗಾಗಿ ಬಹುಸಂಧಿ ವ್ಯಾಯಾಮ ಊಟವಾದರೆ ಐಸೊಲೇಷನ್ ಕೊರತೆ ತುಂಬುವ ಔಷಧಿಯ ಜಾಗದಲ್ಲಿರಲಿ.

ಎರಡನೆಯ ಆಕ್ಷೇಪ ಭಯದ್ದು. ಬಸ್ಕಿ ಹೊಡೆದರೆ ಮೊಣಕಾಲು ಸವೆಯುತ್ತದೆ, ಭಾರ ಎತ್ತಿದರೆ ಬೆನ್ನು ಹಿಡಿಯುತ್ತದೆ ಎಂದು ಹಿರಿಯರು ಎಚ್ಚರಿಸುತ್ತಾರೆ. ಮೊಣಕಾಲಿನ ಭಯಕ್ಕೆ ಒಂದು ಇತಿಹಾಸವಿದೆ. 1961ರಲ್ಲಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಕಾರ್ಲ್ ಕ್ಲೈನ್ ಪೂರ್ತಿ ಕೂರುವ ಸ್ಕ್ವಾಟ್ ಮೊಣಕಾಲಿನ ಕಟ್ಟುಗಳನ್ನು ಸಡಿಲಗೊಳಿಸುತ್ತದೆ ಎಂದು ವರದಿ ಮಾಡಿದರು, ಆ ಮಾತು ಶಾಲೆ, ಸೇನೆಗಳವರೆಗೂ ಹಬ್ಬಿತು. ನಂತರದ ಅಧ್ಯಯನಗಳಲ್ಲಿ ಆ ಫಲಿತಾಂಶ ದೃಢಪಡಲಿಲ್ಲ. ಬಸ್ಕಿಯಲ್ಲಿ ತೊಡೆಯ ಮುಂದಿನ ಮತ್ತು ಹಿಂದಿನ ಸ್ನಾಯುಗಳು ಒಟ್ಟಿಗೆ ಬಿಗಿಯುವುದರಿಂದ ಕೀಲಿಗೆ ಎರಡೂ ಕಡೆಯಿಂದ ಆಧಾರ ಸಿಗುತ್ತದೆ. ಬೆನ್ನಿನ ಭಯಕ್ಕೆ ಇನ್ನೂ ಗಟ್ಟಿಯಾದ ಉತ್ತರ ಆಸ್ಟ್ರೇಲಿಯದಿಂದ ಬಂತು. 2018ರಲ್ಲಿ ಪ್ರಕಟವಾದ ಲಿಫ್ಟ್‌ಮೋರ್ ಪ್ರಯೋಗಕ್ಕೆ ಆರಿಸಿಕೊಂಡದ್ದು ಮೂಳೆ ಸಾಂದ್ರತೆ ಕಡಿಮೆಯಾಗಿದ್ದ, ಮುಟ್ಟು ನಿಂತ 101 ಮಹಿಳೆಯರನ್ನು. ಅವರ ಸರಾಸರಿ ವಯಸ್ಸು 65. ಪರಿಣತರ ಕಣ್ಣೆದುರು ವಾರಕ್ಕೆರಡು ಸಲ, ಅರ್ಧ ಗಂಟೆಯಂತೆ 8 ತಿಂಗಳು, ಒಂದು ಗುಂಪು ನೆಲದಿಂದ ಭಾರ ಎತ್ತುವ ಡೆಡ್‌ಲಿಫ್ಟ್, ಸ್ಕ್ವಾಟ್ ಮತ್ತು ಭಾರವನ್ನು ತಲೆಯ ಮೇಲೆತ್ತುವ ವ್ಯಾಯಾಮ ಮಾಡಿತು. ಜೊತೆಗೆ ಬಾರ್ ಹಿಡಿದು ಜಿಗಿದು ಇಳಿಯುವ ವ್ಯಾಯಾಮವೂ ಇತ್ತು. ಎತ್ತಿದ ಭಾರ ಸಣ್ಣದಲ್ಲ, ಒಮ್ಮೆ ಎತ್ತಬಲ್ಲ ಗರಿಷ್ಠದ ಶೇ 85ಕ್ಕಿಂತ ಹೆಚ್ಚು. ಅವರ ಕೆಳಬೆನ್ನಿನ ಮೂಳೆ ಸಾಂದ್ರತೆ ಶೇ 2.9 ಏರಿತು, ಮನೆಯಲ್ಲೇ ಹಗುರ ವ್ಯಾಯಾಮ ಮಾಡಿದವರಲ್ಲಿ ಶೇ 1.2 ಇಳಿಯಿತು. ತೊಂದರೆ ಎಂದು ದಾಖಲಾದದ್ದು ಒಬ್ಬರಿಗೆ ಬಂದ ಸಣ್ಣ ಬೆನ್ನುಸೆಳೆತ ಮಾತ್ರ. ಇದರಿಂದ ನಾಳೆಯೇ ಯಾರು ಬೇಕಾದರೂ ಬಾರ್ಬೆಲ್ ಎತ್ತಬಹುದು ಎಂದಾಗುವುದಿಲ್ಲ. ಆ ಮಹಿಳೆಯರಿಗೆ ಮೊದಲು ಹಗುರ ಭಾರದಲ್ಲಿ ವರಸೆ ಕಲಿಸಿದ್ದರು, ಪಕ್ಕದಲ್ಲಿ ತಿಳಿದವರಿದ್ದರು. ಬೆನ್ನು ಹಿಡಿಯುವುದು ವರಸೆ ಗೊತ್ತಿಲ್ಲದೆ, ಮೈ ಒಗ್ಗುವ ಮುಂಚೆ, ಪಕ್ಕದವನ ಪೈಪೋಟಿಗೆ ಬಿದ್ದು ಎತ್ತಿದಾಗ.

ಮೂರನೆಯ ಆಕ್ಷೇಪವನ್ನು ಜಿಮ್‌ನ ಕಡೆಯವರು ಗರಡಿಯ ಮೇಲೆ ಹೊರಿಸುತ್ತಾರೆ, ಅದರಲ್ಲಿ ಸತ್ಯವಿದೆ. ನೂರಾರು, ಸಾವಿರಾರು ಬಸ್ಕಿ ಹೊಡೆದರೆ ಬೆಳೆಯುವುದು ಮುಖ್ಯವಾಗಿ ದಮ್ಮು. ಕುಸ್ತಿಗೆ ಅದು ಬೇಕು, ಆದರೆ ಗರಿಷ್ಠ ಬಲಕ್ಕೆ ಎಣಿಕೆ ಏರಿಸಿದರೆ ಸಾಲದು, ಭಾರ ಏರಿಸಬೇಕು. ಸುಸ್ತಾಗುವ ಮಟ್ಟಕ್ಕೆ ಮಾಡಿದರೆ ಹಗುರ ಭಾರದಿಂದಲೂ ಸ್ನಾಯು ದಪ್ಪವಾಗುತ್ತದೆ, ಬಲ ಮಾತ್ರ ಭಾರವಾದದ್ದನ್ನು ಎತ್ತಿದವರಲ್ಲೇ ಹೆಚ್ಚು ಏರುತ್ತದೆ ಎಂದು ಹಲವು ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ. ಸ್ವಂತ ಮೈತೂಕಕ್ಕೆ ಒಂದು ಮಿತಿಯಿದೆ. ಕಾಲು-ಅರ್ಧ ಕಿಲೋದಂಥ ಸಣ್ಣ ಮೆಟ್ಟಿಲುಗಳಲ್ಲೂ ಭಾರ ಸೇರಿಸಬಲ್ಲ ಬಾರ್ಬೆಲ್ ಆ ಮಿತಿಯನ್ನು ಮುರಿಯಿತು. ಗರಡಿ ಇದನ್ನು ಕೈಚಾಚಿ ತೆಗೆದುಕೊಳ್ಳಬೇಕು. ಕುಂದಾಪುರದ ಗುರುರಾಜ ಪೂಜಾರಿ ಮೊದಲು ಕುಸ್ತಿಯ ಆಸೆ ಹೊತ್ತವರು, ಉಜಿರೆಯ ಕಾಲೇಜಿನಲ್ಲಿ ಭಾರ ಎತ್ತುವ ಕಡೆಗೆ ತಿರುಗಿದರು. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕಿಲೋ ಎತ್ತಿ ಬೆಳ್ಳಿ ಗೆದ್ದರು. 2022ರ ಕೂಟದಲ್ಲಿ 61 ಕಿಲೋ ವಿಭಾಗದಲ್ಲಿ 269 ಕಿಲೋ ಎತ್ತಿ ಕಂಚು. ತನ್ನ ತೂಕದ ಸುಮಾರು ಎರಡರಿಂದ ಎರಡೂವರೆ ಪಟ್ಟಿನಷ್ಟನ್ನು ತಲೆಯ ಮೇಲೆ ನಿಲ್ಲಿಸಿದ ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಎರಡು ವರಸೆಗಳೂ ಪಾದದಿಂದ ಮಣಿಕಟ್ಟಿನವರೆಗೆ ಪ್ರತಿ ಕೀಲನ್ನು ಬಳಸುವಂಥವು.

ದುಡಿಯುವವರಿಗೆ ಇದೆಲ್ಲ ಯಾಕೆ ಎಂಬುದು ನಾಲ್ಕನೆಯ ಪ್ರಶ್ನೆ. ಹುಬ್ಬಳ್ಳಿಯ ಅಮರಗೋಳದ ಎಪಿಎಂಸಿ ಮಾರುಕಟ್ಟೆಯಲ್ಲಿ ದಿನವಿಡೀ ಚೀಲ ಹೊರುವ ಹಮಾಲರು ಮಾಡುವುದೂ ಬಹುಸಂಧಿ ಕೆಲಸವೇ. ಅವರಲ್ಲಿ ಬಲ ಇದೆ, ಬೆನ್ನುನೋವೂ ಇದೆ. ತಾಲೀಮಿಗೂ ದುಡಿಮೆಗೂ ಇರುವ ಅಂತರ ಇಲ್ಲಿ ಕಾಣುತ್ತದೆ. ತಾಲೀಮಿನಲ್ಲಿ ಭಾರ ಇಂದಿನ ಶಕ್ತಿಗೆ ತಕ್ಕಂತೆ ಇರುತ್ತದೆ, ಎರಡೂ ಬದಿಗೆ ಸಮನಾಗಿರುತ್ತದೆ, ನಡುವೆ ವಿಶ್ರಾಂತಿ ಇರುತ್ತದೆ, ಮರುದಿನ ಸ್ನಾಯು ಚೇತರಿಸಿಕೊಳ್ಳಲು ಬಿಡುವಿರುತ್ತದೆ. ಹಮಾಲನ ಚೀಲ ಲಾರಿ ಬಂದಾಗ ಬರುತ್ತದೆ, ಒಂದೇ ಹೆಗಲನ್ನು ಹುಡುಕುತ್ತದೆ, ಮೈ ಸೋತಿದೆಯೆಂದು ಹಗುರಾಗುವುದಿಲ್ಲ. ಹಾಗಾಗಿ ಅವರಿಗೆ ಬೇಕಾದದ್ದು ಚೀಲದ ತೂಕಕ್ಕೆ ಮಿತಿ, ಸರದಿಯ ವಿಶ್ರಾಂತಿ, ಜೊತೆಗೆ ಸೊಂಟದಿಂದ ಬಗ್ಗಿ ಎತ್ತುವ ವರಸೆಯ ತರಬೇತಿ. ಇನ್ನು ಕೂತು ದುಡಿಯುವವರ ಸ್ಥಿತಿ ಇದಕ್ಕೆ ವಿರುದ್ಧ: ಅವರ ಸ್ನಾಯುಗಳಿಗೆ ಕೆಲಸವೇ ಸಾಲದು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿಗೆ ಮಧುಮೇಹವಿದೆ. ಊಟದ ನಂತರ ರಕ್ತದಲ್ಲಿ ಏರುವ ಸಕ್ಕರೆಯನ್ನು ಇನ್ಸುಲಿನ್ ನೆರವಿನಿಂದ ಹೀರಿಕೊಳ್ಳುವ ದೊಡ್ಡ ಅಂಗ ಸ್ನಾಯು; ಅದರಲ್ಲೂ ತೊಡೆ, ಪಿರ್ರೆ, ಬೆನ್ನಿನಂಥ ದೊಡ್ಡ ಸ್ನಾಯುಗಳಿಗೆ ಹೆಚ್ಚಿನ ಪಾಲು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ, ವಯಸ್ಕರು ವಾರಕ್ಕೆ ಕನಿಷ್ಠ ಎರಡು ದಿನ ಎಲ್ಲ ಪ್ರಮುಖ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ಹೇಳಿದೆ. ಹುಬ್ಬಳ್ಳಿಯ ಉಣಕಲ್ ಕೆರೆಯ ಸುತ್ತ, ನೃಪತುಂಗ ಬೆಟ್ಟದ ಮೇಲೆ ಮುಂಜಾನೆ ನಡೆಯುವವರು ಹೃದಯಕ್ಕೆ ಒಳ್ಳೆಯದನ್ನೇ ಮಾಡುತ್ತಿದ್ದಾರೆ. ಆದರೆ ನಡಿಗೆ ಸ್ನಾಯು ಬಲಪಡಿಸುವ ಈ ಬೇಡಿಕೆಯನ್ನು ಪೂರೈಸುವುದಿಲ್ಲ.

ಇಷ್ಟೆಲ್ಲದರಿಂದ ಹೊರಡುವ ಕಾರ್ಯಕ್ರಮ ಚಿಕ್ಕದು. ಕೂತು ಏಳುವುದು, ಬಗ್ಗಿ ಎತ್ತುವುದು, ತಳ್ಳುವುದು, ಎಳೆಯುವುದು, ಹೊತ್ತು ನಡೆಯುವುದು: ಈ ಐದು ಚಲನೆಗಳು, ವಾರಕ್ಕೆ ಎರಡು-ಮೂರು ದಿನ, ಭಾರ ನಿಧಾನವಾಗಿ ಏರುತ್ತ ಹೋಗಲಿ. ಆರಂಭದವರಿಗೆ ಕುರ್ಚಿಯಿಂದ ಕೈಯೂರದೆ ಏಳುವುದೇ ಬಸ್ಕಿ, ಗೋಡೆಗೆ ಕೈಕೊಟ್ಟು ತಳ್ಳುವುದೇ ದಂಡ. ಇದಕ್ಕೆ ಬೇಕಾದ ವ್ಯವಸ್ಥೆಯೂ ದುಬಾರಿಯದ್ದಲ್ಲ. ಪಾಲಿಕೆಯ ಉದ್ಯಾನಗಳಲ್ಲಿ ಹಾಕಿರುವ ಹೊರಾಂಗಣ ಜಿಮ್ ಯಂತ್ರಗಳಲ್ಲಿ ಸಾಮಾನ್ಯವಾಗಿ ಭಾರ ಹೆಚ್ಚಿಸುವ ಅನುಕೂಲವೇ ಇರುವುದಿಲ್ಲ; ಕೈಕಾಲು ಆಡುತ್ತವೆ, ಬಲ ಏರುವುದಿಲ್ಲ. ಅವುಗಳ ಪಕ್ಕದಲ್ಲಿ ಜೋತುಬಿದ್ದು ಎಳೆದುಕೊಳ್ಳಲು ಬೇರೆ ಬೇರೆ ಎತ್ತರದ ಕಬ್ಬಿಣದ ಬಾರ್‌ಗಳನ್ನು ನೆಟ್ಟರೆ ಹೆಚ್ಚು ಪ್ರಯೋಜನ. ತೂಕ ಕೆತ್ತಿದ ಗುಂಡುಕಲ್ಲುಗಳ ಸಾಲೊಂದನ್ನು, 10 ಕಿಲೋದಿಂದ ಮೇಲಕ್ಕೆ, ಗರಡಿಮನೆಗಳಲ್ಲಿ ಮತ್ತು ಕಾಲೇಜು ಮೈದಾನಗಳಲ್ಲಿ ಇಡಬಹುದು. ಬಯಲಲ್ಲಿ ಬಿಟ್ಟರೆ ಮಕ್ಕಳ ಕಾಲಿಗೆ ಅಪಾಯ, ಆದ್ದರಿಂದ ಕಲಿಸುವವರು ಇರುವ ಕಡೆಯೇ ಅವು ಇರಬೇಕು. ಕಲಿಸುವವರೂ ಊರಿನಲ್ಲಿದ್ದಾರೆ: ವರಸೆ ಬಲ್ಲ ಉಸ್ತಾದರು ಗರಡಿಯಲ್ಲಿ, ದೈಹಿಕ ಶಿಕ್ಷಣ ಓದಿದವರು ಕರ್ನಾಟಕ ವಿಶ್ವವಿದ್ಯಾಲಯದಲ್ಲಿ, ತರಬೇತುದಾರರು ಭಾರತೀಯ ಕ್ರೀಡಾ ಪ್ರಾಧಿಕಾರದ ಧಾರವಾಡ ಕೇಂದ್ರದಲ್ಲಿ. ಈ ಮೂರು ಕಡೆಯವರು ಒಟ್ಟಿಗೆ ಕೂತು, ಗರಡಿಯ ಚಲನೆಗೆ ಬಾರ್ಬೆಲ್ಲಿನ ಲೆಕ್ಕವನ್ನು ಸೇರಿಸಿ ಒಂದು ಪಾಠಕ್ರಮ ಸಿದ್ಧಪಡಿಸಬೇಕು. ಗರಡಿಯ ಬಾಗಿಲು ಬಹುಕಾಲ ಮಹಿಳೆಯರಿಗೆ ಮುಚ್ಚಿತ್ತು. ಮೂಳೆಯ ಸಾಕ್ಷ್ಯ ನೋಡಿದರೆ ಈ ತಾಲೀಮು ಎಲ್ಲರಿಗಿಂತ ಹೆಚ್ಚು ಬೇಕಾದದ್ದು ಅವರಿಗೇ, ಹಾಗಾಗಿ ಅವರ ಸಮಯ, ಅವರ ಶಿಕ್ಷಕಿಯರು ಆ ಪಾಠಕ್ರಮದ ಮೊದಲ ಸಾಲಿನಲ್ಲೇ ಇರಬೇಕು. ಪೊಲೀಸ್ ಕೆಲಸಕ್ಕೆ ಓದುವ ಹುಡುಗಿ, ಸಕ್ಕರೆ ಕಾಯಿಲೆಯ ಗುಮಾಸ್ತ, ನಿವೃತ್ತ ಶಿಕ್ಷಕಿ ಮೂವರಿಗೂ ಬೇಕಾದ ಚಲನೆಗಳು ಒಂದೇ, ಎತ್ತುವ ಭಾರ ಮಾತ್ರ ಬೇರೆ. ಇಷ್ಟು ವಿಭಿನ್ನರಾದ ಜನರಿಗೆ ಒಂದೇ ಪಾಠ ಒದಗುವುದೇ ಈ ವಿಧಾನದ ದೊಡ್ಡ ಗುಣ, ಸಾರ್ವಜನಿಕ ಹಣ ಅದಕ್ಕೆ ಮೊದಲು ಸಲ್ಲಬೇಕೆನ್ನಲು ಇರುವ ಕಾರಣವೂ ಅದೇ.